ಅಜ್ಜಿ ಕೈಲಿದ್ದ ಆ ವಾಚು ಯಾರದು? ಹಳೇ ಸ್ಟುಡಿಯೋ ಫೋಟೋ ಓದೋದು ಹೇಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವ ಅನುಕೂಲಕ್ಕಾಗಿ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ಒಂದು ತಪ್ಪೊಪ್ಪಿಗೆಯಿಂದ ಶುರು.

ಹೋದ ವರ್ಷ ನಾನು ನಮ್ಮಜ್ಜಿಯ ಒಂದು ಹಳೇ ಫೋಟೋನ ರೀಲ್ ಮಾಡಿ ಹಾಕಿದ್ದೆ. 1958ರದ್ದು, ತಿಪಟೂರಿನ ಒಂದು ಸ್ಟುಡಿಯೋದಲ್ಲಿ ತೆಗೆಸಿದ್ದು. ಅಜ್ಜಿಗೆ ಆಗ ಹದಿನೇಳು ವರ್ಷ. ಕುರ್ಚಿಯ ಪಕ್ಕ ನೆಟ್ಟಗೆ ನಿಂತಿದ್ದಾಳೆ. ಎಡಗೈಗೆ ವಾಚು, ಬಲಗೈಯಲ್ಲಿ ದಪ್ಪನೆಯ ಪುಸ್ತಕ. ಓದುತ್ತಾ ಇದ್ದವಳು ಈಗಷ್ಟೇ ತಲೆಯೆತ್ತಿದಳೇನೋ ಅನ್ನೋ ಹಾಗೆ ಒಂದು ಬೆರಳು ಪುಟಗಳ ನಡುವೆ. ಹಿಂದೆ ಮಹಡಿ ಮೆಟ್ಟಿಲು, ಕಂಬಗಳು, ದೂರದಲ್ಲಿ ಒಂದು ಕೊಳ. ನಾನು ಅದಕ್ಕೆ ಹಾಕಿದ್ದ ಸಾಲು ಏನು ಗೊತ್ತಾ? "ಆ ಕಾಲಕ್ಕೇ ಓದು, ಆ ಕಾಲಕ್ಕೇ ವಾಚು: ನಮ್ಮಜ್ಜಿ ನಮಗಿಂತ ಮಾಡರ್ನ್." ಜೊತೆಗೆ ಒಂದು ಎಐ ಆ್ಯಪ್‌ನಲ್ಲಿ ಬಣ್ಣ ಬೇರೆ ತುಂಬಿಸಿದ್ದೆ. ನಾನು ಮಾಡಿರೋ ಯಾವ ಸಂಚಿಕೆಯೂ ಓಡದಷ್ಟು ಆ ರೀಲ್ ಓಡಿತು.

ಮೂರು ದಿನ ಆದ ಮೇಲೆ ಅಜ್ಜಿಯ ತಂಗಿ, ಅಂದ್ರೆ ನಮ್ಮ ಚಿಕ್ಕಜ್ಜಿ, ಫೋನ್ ಮಾಡಿದಳು. ಅವಳಿಗೀಗ ಎಪ್ಪತ್ತೊಂಬತ್ತು. ಮೊಮ್ಮಗ ಮೊಬೈಲಲ್ಲಿ ತೋರಿಸಿದ್ನಂತೆ. "ಏನೇ ಇದು, ಅಕ್ಕಂಗೆ ಓದೋಕೆಲ್ಲಿ ಬರ್ತಿತ್ತು? ಆ ಬುಕ್ಕು ಸ್ಟುಡಿಯೋದೋನ್ದು. ವಾಚೂ ಅವ್ನದೇ. ಅದು ನಡೀತಾನೇ ಇರ್ಲಿಲ್ಲ ಕಣೇ." ಅಷ್ಟು ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಅಜ್ಜಿ ತೀರಿಕೊಂಡು ಆರು ವರ್ಷ ಆಗಿದೆ. ಅವಳಿಗೆ ಓದೋಕೆ ಬರ್ತಿರಲಿಲ್ಲ ಅನ್ನೋದು ನನಗೆ ಗೊತ್ತಿರಬೇಕಿತ್ತಲ್ಲ? ಮದುವೆ ಪತ್ರಿಕೆ ಬಂದಾಗಲೆಲ್ಲ "ಕನ್ನಡಕ ಎಲ್ಲೋ ಇಟ್ಟೆ, ನೀನೇ ಓದೇ" ಅಂತಿದ್ದಳು. ಕನ್ನಡಕ ಪ್ರತಿ ಸಲ ಕಳೆದುಹೋಗ್ತಿತ್ತು. ನಾನು ಆ ಮಾತನ್ನ ಒಮ್ಮೆಯೂ ಯೋಚಿಸಿ ನೋಡಲಿಲ್ಲ. ಫೋಟೋ ಹೇಳಿದ್ದನ್ನ ನಂಬಿದೆ.

ತಿದ್ದುಪಡಿಯ ವಿಡಿಯೋ ಮಾಡಿ ಹಾಕಿದೆ. ಅದನ್ನ ಯಾರೂ ನೋಡಲಿಲ್ಲ, ಆ ವಿಷಯ ಬಿಡಿ. ಆದರೆ ಆವತ್ತಿಂದ ಹಳೇ ಫೋಟೋ ನೋಡೋದು ಹೇಗೆ ಅಂತ ಕಲೀತಾ ಇದ್ದೀನಿ. ಇವತ್ತಿನ ಸಂಚಿಕೆ ಅದರ ಬಗ್ಗೆ.

ನಾನು ಓದಿದ್ದು ಬಿ.ಕಾಂ. ಹಾಗಾಗಿ ನನಗೆ ಅರ್ಥ ಆಗೋ ದಾರಿ ಲೆಕ್ಕಾಚಾರದ್ದು. ಸ್ಟುಡಿಯೋ ಅನ್ನೋದು ಮೊದಲು ಒಂದು ಅಂಗಡಿ. ಅಂಗಡಿಯವನಿಗೆ ಒಂದು ಸಲದ ಬಂಡವಾಳ ಏನೇನು? ಕ್ಯಾಮೆರಾ, ಲೆನ್ಸು, ಪರದೆ, ಕುರ್ಚಿ, ಹೂದಾನಿ, ಒಂದು ಕೋಟು, ಒಂದು ವಾಚು, ಒಂದು ಪುಸ್ತಕ. ಪ್ರತಿ ಫೋಟೋಗೂ ಹೊಸದಾಗಿ ಆಗೋ ಖರ್ಚು ಗಾಜಿನ ಪ್ಲೇಟು ಅಥವಾ ಫಿಲ್ಮು, ಕಾಗದ, ರಾಸಾಯನಿಕ. ಆ ದೊಡ್ಡ ಕ್ಯಾಮೆರಾದಲ್ಲಿ ಒಂದು ಪ್ಲೇಟಿಗೆ ಒಂದೇ ಫೋಟೋ. ಕಣ್ಣು ಮುಚ್ಚಿದ್ರೆ ಪ್ಲೇಟು ಹೋಯ್ತು, ದುಡ್ಡು ಹೋಯ್ತು. ಅದಕ್ಕೇ "ಅಲ್ಲಾಡಬೇಡಿ, ಉಸಿರು ಬಿಗಿ ಹಿಡೀರಿ" ಅನ್ನೋ ಗದರಿಕೆ. ಆದರೆ ಅದೇ ವಾಚನ್ನ ಸಾವಿರ ಜನಕ್ಕೆ ಕಟ್ಟಿದ್ರೂ ಸವೆಯಲ್ಲ. ಸ್ಟುಡಿಯೋದವನು ಆ ವಾಚಿಗೆ ಹಾಕಿದ ದುಡ್ಡಿನಷ್ಟು ಲಾಭ ಕೊಟ್ಟ ಬಂಡವಾಳ ಬೇರೆ ಇರಲಿಕ್ಕಿಲ್ಲ. ಊರಲ್ಲಿ ಅರ್ಧ ಜನರ ಕೈಯಲ್ಲಿ, ಅರ್ಥಾತ್ ಅರ್ಧ ಜನರ ಫೋಟೋದಲ್ಲಿ, ಅದೇ ಒಂದು ವಾಚು.

ನಾನು ಸ್ವಲ್ಪ ತಲೆ ಓಡಿಸಿದ್ದರೆ ವಾಚಿನಿಂದಲೇ ಗೊತ್ತಾಗಬೇಕಿತ್ತು. ಎಚ್‌ಎಂಟಿಯ ವಾಚು ಕಾರ್ಖಾನೆ ಬೆಂಗಳೂರಿನಲ್ಲಿ ಶುರುವಾಗಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ನಮ್ಮ ಸಾಮಾನ್ಯ ಮನೆಗಳಿಗೆ ಕೈಗಡಿಯಾರ ಬಂದಿದ್ದು ಅದರ ನಂತರ. ಅದಕ್ಕೂ ಮುಂಚೆ ವಾಚು ಅಂದ್ರೆ ಪರದೇಶದ್ದು, ದುಬಾರಿ ವಸ್ತು. 1958ರಲ್ಲಿ ತಿಪಟೂರಿನ ಪಕ್ಕದ ಹಳ್ಳಿಯ, ನಾಲ್ಕು ತೆಂಗಿನ ಮರದ ಮನೆಯ ಹುಡುಗಿ ಕೈಗೆ ಅದು ಹೇಗೆ ಬಂತು ಅಂತ ಕೇಳಬೇಕಿತ್ತು. ಪುಸ್ತಕದ ಮಾತೂ ಅಷ್ಟೇ. 1951ರ ಜನಗಣತಿ ಪ್ರಕಾರ ದೇಶದಲ್ಲಿ ಓದು ಬರಹ ಬಲ್ಲ ಹೆಣ್ಣುಮಕ್ಕಳು ನೂರಕ್ಕೆ ಹೆಚ್ಚುಕಡಿಮೆ 9 ಜನ. 1961ರಲ್ಲಿ ಅದು 15. ಆದರೆ ಆ ಕಾಲದ ಸ್ಟುಡಿಯೋ ಫೋಟೋಗಳಲ್ಲಿ ಪುಸ್ತಕ ಹಿಡಿದ ಹೆಣ್ಣುಮಕ್ಕಳನ್ನ ಲೆಕ್ಕ ಹಾಕಿದ್ರೆ ಇಡೀ ದೇಶ ಮೆಟ್ರಿಕ್ ಪಾಸಾಗಿದೆ ಅನ್ನಿಸುತ್ತೆ!

ಹಾಗಾದ್ರೆ ಫೋಟೋ ಸುಳ್ಳಾ? ಈ ಪ್ರಶ್ನೆನ ನಾನು ಚಿಕ್ಕಜ್ಜಿಗೇ ಕೇಳಿದೆ. ಆ ಫೋಟೋ ತೆಗೆಸಿದ್ದು ಗಂಡಿನ ಕಡೆಯವರಿಗೆ ಕಳಿಸೋಕೆ. "ಅಲ್ಲ ಚಿಕ್ಕಜ್ಜಿ, ಓದು ಬರದೇ ಇರೋರಿಗೆ ಪುಸ್ತಕ ಹಿಡಿಸಿ ಕಳಿಸಿದ್ರೆ ಮೋಸ ಅಲ್ವಾ?" ಅಂದೆ. "ಯಾವ ಮೋಸನೇ? ಎಲ್ಲಾರ ಫೋಟೋದಾಗೂ ಅದೇ ಬುಕ್ಕು ಇರ್ತಿತ್ತಲ್ಲ, ಯಾರ್ ನಂಬ್ತಿದ್ರು? ನಿಮ್ ತಾತ ಕಳ್ಸಿದ್ ಫೋಟೋದಾಗೆ ಕೋಟು ಹಾಕಿದ್ರು. ಆ ಕೋಟು ಅರಸೀಕೆರೆ ಸ್ಟುಡಿಯೋದ್ದು. ಹಿಂದ್ಗಡೆ ಪಿನ್ನು ಹಾಕಿ ಬಿಗಿ ಮಾಡಿದ್ರಂತೆ."

ಅಂದ್ರೆ ಕಳಿಸಿದವರಿಗೂ ಗೊತ್ತು, ನೋಡಿದವರಿಗೂ ಗೊತ್ತು. ಪುಸ್ತಕದ ಅರ್ಥ "ಈ ಹುಡುಗಿ ಓದಿದ್ದಾಳೆ" ಅಂತಲ್ಲ. "ಇದು ಮರ್ಯಾದಸ್ಥರ ಮನೆ, ಮಗಳನ್ನ ಸ್ಟುಡಿಯೋಗೆ ಕರ್ಕೊಂಡು ಹೋಗಿ ದುಡ್ಡು ಕೊಟ್ಟು ಫೋಟೋ ತೆಗೆಸೋ ಮನೆ" ಅಂತ. ಆ ಭಾಷೆ ಅವರಿಬ್ಬರಿಗೂ ಬರ್ತಿತ್ತು. ಬರದೇ ಇದ್ದಿದ್ದು ನನಗೆ. ಅರವತ್ತೈದು ವರ್ಷ ಆದ ಮೇಲೆ ಬಂದು ನಾನು ಅದನ್ನ ಅಕ್ಷರಶಃ ಓದಿಬಿಟ್ಟೆ.

ಇದು ನಮ್ಮೂರಿನ ಕತೆ ಮಾತ್ರ ಅಲ್ಲ. ಮಧ್ಯಪ್ರದೇಶದ ನಾಗ್ದಾ ಅನ್ನೋ ಕಾರ್ಖಾನೆ ಊರಿನಲ್ಲಿ ಕೂತು ಅಲ್ಲಿನ ಸ್ಟುಡಿಯೋಗಳನ್ನ ನೋಡಿದ ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಪಿನ್ನಿ 1997ರಲ್ಲಿ 'ಕ್ಯಾಮೆರಾ ಇಂಡಿಕಾ' ಅಂತ ಪುಸ್ತಕ ಬರೆದರು. ಅಲ್ಲೂ ಸ್ಟುಡಿಯೋ ಒಂದು ರಂಗಸ್ಥಳ. ಜನ ತಾವು ಹೇಗಿದ್ದೀವಿ ಅಂತ ದಾಖಲೆ ಮಾಡಿಸೋಕೆ ಬರ್ತಿರಲಿಲ್ಲ, ಇರೋದಕ್ಕಿಂತ ಚೆನ್ನಾಗಿ ಕಾಣೋಕೆ ಬರ್ತಿದ್ರು. ನಮ್ಮ ಜಾತ್ರೆಗಳಲ್ಲಿ ರಟ್ಟಿನ ವಿಮಾನ, ರಟ್ಟಿನ ಕಾರು ಇಟ್ಕೊಂಡು ಫೋಟೋ ತೆಗೀತಿದ್ರಲ್ಲ, ಅದೇ ಸಂಗತಿ. ಆ ವಿಮಾನದ ಕಿಟಕಿಯಲ್ಲಿ ತಲೆ ಹಾಕಿ ನಿಂತವನು ದೆಹಲಿಗೆ ಹೋಗಿದ್ದ ಅಂತ ಯಾರೂ ಹೇಳಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಇರೋ ಫೋಟೋಗಳೂ ಇವೆ. ಬ್ರಿಟಿಷರ ಕಾಲದಲ್ಲಿ, 1868ರಿಂದ 1875ರವರೆಗೆ 'ದ ಪೀಪಲ್ ಆಫ್ ಇಂಡಿಯಾ' ಅಂತ ಎಂಟು ಸಂಪುಟ ಬಂದವು. ಜಾತಿ, ಬುಡಕಟ್ಟು ಅಂತ ವಿಂಗಡಿಸಿ, ಜನರನ್ನ ನಿಲ್ಲಿಸಿ ತೆಗೆದ ಫೋಟೋಗಳು. ಅಲ್ಲಿ ಹೇಗೆ ನಿಲ್ಲಬೇಕು, ಕೆಳಗೆ ಏನು ಬರೀಬೇಕು ಎಲ್ಲ ಕ್ಯಾಮೆರಾ ಕಡೆಯವರ ತೀರ್ಮಾನ. ಇವತ್ತು ಇಂಟರ್ನೆಟ್‌ನಲ್ಲಿ "ಹಳೇ ಭಾರತದ ಅಪರೂಪದ ಫೋಟೋಗಳು" ಅಂತ ಓಡಾಡೋದರಲ್ಲಿ ಈ ಥರದವು ಬೇಕಾದಷ್ಟಿವೆ. ನನಗಂತೂ ಸ್ಟುಡಿಯೋದ ನಿಲ್ಲದ ವಾಚೇ ವಾಸಿ. ಕ್ಷಮಿಸಿ, ನಡೆಯದ ವಾಚು.

ಸರಿ, ಈಗ ಬಣ್ಣದ ವಿಷಯಕ್ಕೆ ಬರೋಣ, ಯಾಕಂದ್ರೆ ಅಲ್ಲಿ ನನ್ನ ಎರಡನೇ ತಪ್ಪಿದೆ.

ಎಐ ಆ್ಯಪ್ ಅಜ್ಜಿಯ ಸೀರೆಗೆ ಕಡು ನೀಲಿ ಬಣ್ಣ ಕೊಟ್ಟಿತ್ತು. ಚಿಕ್ಕಜ್ಜಿ ಅಂದಳು, "ನೀಲಿ ಅಲ್ಲ, ಅದು ದೊಡ್ಡಮ್ಮನ ಕುಂಕುಮದ ಬಣ್ಣದ ರೇಷ್ಮೆ ಸೀರೆ. ಸಾಲ ತಂದಿದ್ದು." ಕೆಂಪು ಸೀರೆ ಕಪ್ಪಗೆ ಕಂಡಿದ್ದು ಹೇಗೆ? ಹಳೇ ಪ್ಲೇಟುಗಳು ಮತ್ತು ಆರ್ಥೋಕ್ರೋಮ್ಯಾಟಿಕ್ ಅನ್ನೋ ಬಗೆಯ ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣಿಸಲ್ಲ. ಕೆಂಪು ಬೆಳಕು ಅದರ ಮೇಲೆ ಬಿದ್ದರೂ ಏನೂ ಆಗಲ್ಲ, ಅದಕ್ಕೇ ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಾಕ್ಕೊಂಡು ಆ ಫಿಲ್ಮನ್ನ ಕಣ್ಣಲ್ಲಿ ನೋಡ್ತಾ ತೊಳೀಬಹುದಿತ್ತು. ಎಲ್ಲ ಬಣ್ಣವನ್ನೂ ಗ್ರಹಿಸೋ ಫಿಲ್ಮು ಬಂದ ಮೇಲೂ ಸ್ಟುಡಿಯೋದವರಿಗೆ ಈ ಅನುಕೂಲ ಇಷ್ಟ. ಪರಿಣಾಮ ಏನಪ್ಪಾ ಅಂದ್ರೆ, ಅಂಥ ಫೋಟೋದಲ್ಲಿ ಕುಂಕುಮ ಕಪ್ಪು ಬೊಟ್ಟು, ಕೆಂಪು ಸೀರೆ ಕಪ್ಪು ಸೀರೆ. ಅದೇ ನೀಲಿ ಬಣ್ಣ ಇದ್ದಿದ್ದರೆ ತಿಳಿಯಾಗಿ ಬರಬೇಕಿತ್ತು. ಹಾಗಾಗಿ ನಿಮ್ಮ ಮನೆಯ ಹಳೇ ಮದುವೆ ಫೋಟೋದಲ್ಲಿ ಹೆಣ್ಣು ಕಪ್ಪು ಸೀರೆ ಉಟ್ಟಿದ್ದಾಳೆ ಅನ್ನಿಸಿದ್ರೆ ಗಾಬರಿ ಬೀಳಬೇಡಿ. ಶುಭಕಾರ್ಯಕ್ಕೆ ನಮ್ಮಲ್ಲಿ ಯಾರು ಕಪ್ಪು ಉಡ್ತಾರೆ? ಕೆಂಪೋ, ಕೆಂಪಿಗೆ ಹತ್ತಿರದ್ದೋ ಇರಬೇಕು. ಆ್ಯಪ್‌ಗೆ ಇದೆಲ್ಲ ಗೊತ್ತಿಲ್ಲ. ಅದು ಕಪ್ಪು ಕಂಡಲ್ಲಿ ಯಾವುದೋ ಗಾಢ ಬಣ್ಣ ತುಂಬುತ್ತೆ, ಅಷ್ಟೇ.

ಚರ್ಮದಲ್ಲೂ ಕೆಂಪು ಅಂಶ ಇರೋದ್ರಿಂದ ಅಂಥ ಫಿಲ್ಮಿನಲ್ಲಿ ಮುಖ ಇರೋದಕ್ಕಿಂತ ಕಪ್ಪಾಗಿ ಬರ್ತಿತ್ತು. ಅದಕ್ಕೇ ಸ್ಟುಡಿಯೋದ ಕನ್ನಡಿ ಮುಂದೆ ಬಾಚಣಿಗೆ ಜೊತೆ ಪೌಡರ್ ಡಬ್ಬಿ. ಪೌಡರ್ ಸಾಲದಿದ್ರೆ ಪೆನ್ಸಿಲ್. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್‌ನಿಂದ ಸಣ್ಣಗೆ ತೀಡಿದ್ರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗುತ್ತೆ. ಮೊಡವೆ, ಸಿಡುಬಿನ ಕಲೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲ ಮಾಯ. ಮದುವೆ ಫೋಟೋ ಆದ್ರೆ ಇನ್ನೂ ಎರಡು ಸುತ್ತು ಬೆಳ್ಳಗೆ. ಫಿಲ್ಟರ್ ಅನ್ನೋದನ್ನ ನಮ್ಮ ಪೀಳಿಗೆ ಕಂಡುಹಿಡೀತು ಅಂತ ಯಾರಾದ್ರೂ ಬೈದರೆ ಈ ಪೆನ್ಸಿಲ್ ತೋರಿಸಿ.

ನಗು ಯಾಕಿಲ್ಲ ಅನ್ನೋದು ಎಲ್ಲರೂ ಕೇಳೋ ಪ್ರಶ್ನೆ. "ತುಂಬಾ ಹೊತ್ತು ಅಲ್ಲಾಡದೆ ನಿಲ್ಲಬೇಕಿತ್ತು, ಅದಕ್ಕೆ" ಅಂತ ಎಲ್ಲ ಕಡೆ ಉತ್ತರ ಇದೆ. 1850, 60ರ ದಶಕಕ್ಕೆ ಆ ಉತ್ತರ ಸರಿ. ಆದರೆ 1958ಕ್ಕೆ ಅದು ನಡೆಯಲ್ಲ, ಆ ಹೊತ್ತಿಗೆ ಕ್ಷಣದಲ್ಲಿ ಫೋಟೋ ಆಗ್ತಿತ್ತು. ನಗದೆ ಇದ್ದಿದ್ದು ರೂಢಿ. ವರ್ಷಕ್ಕಲ್ಲ, ಜನ್ಮಕ್ಕೆ ಒಂದೋ ಎರಡೋ ಫೋಟೋ. ಅದರಲ್ಲಿ ಹಲ್ಲು ಬಿಟ್ಕೊಂಡು ನಿಲ್ಲೋದುಂಟಾ? ನಗು ಬಂದಿದ್ದು ಮನೆಗೇ ಕ್ಯಾಮೆರಾ ಬಂದ ಮೇಲೆ. ಆಗ್ಫಾ ಕ್ಲಿಕ್ ಅಂತ ಒಂದು ಡಬ್ಬಿ ಕ್ಯಾಮೆರಾ ಇತ್ತು, ಒಂದು ರೋಲಿಗೆ 12 ಫೋಟೋ. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಫಿಲ್ಮೂ ಅಂಗಡಿಗೆ ಬಂತು. ಆ ಕ್ಯಾಮೆರಾಕ್ಕೆ ಒಳ್ಳೇ ಬಿಸಿಲು ಬೇಕು, ಹಾಗಾಗಿ ಆ ಕಾಲದ ಮನೆ ಫೋಟೋಗಳಲ್ಲಿ ಎಲ್ಲರೂ ಅಂಗಳದಲ್ಲಿ ಕಣ್ಣು ಕಿರಿದು ಮಾಡ್ಕೊಂಡು ನಗ್ತಾ ಇರ್ತಾರೆ. ಮುಂದೆ ನೆಲದ ಮೇಲೆ ಫೋಟೋ ತೆಗೆದ ಮಾವನ ನೆರಳು.

ಇನ್ನು ಬೀದಿಯಲ್ಲಿ, ಹೊಲದಲ್ಲಿ, ಕೆಲಸದ ಹೊತ್ತಿನಲ್ಲಿ ಜನ ಹೇಗಿದ್ರು ನೋಡಬೇಕು ಅಂದ್ರೆ ಸ್ಟುಡಿಯೋ ಬಿಟ್ಟು ಹೊರಗೆ ಹೋದವರನ್ನ ನೋಡಬೇಕು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅಂಥವರು. ಅವರ ಫೋಟೋಗಳಲ್ಲಿ ವಾಚು ಇದ್ದರೆ ಅದು ಆ ಮನುಷ್ಯನದ್ದೇ ಅಂತ ನಂಬಬಹುದು.

ಫೋಟೋನೇ ಇಲ್ಲದವರ ಮಾತು? ಅಪ್ಪನ ಕಡೆ ಅಜ್ಜಿಯ ಮೊದಲ ಫೋಟೋ ಮತದಾರರ ಗುರುತಿನ ಚೀಟಿಯದ್ದು. ಆ ಚೀಟಿ ಬಂದಿದ್ದು 1993ರಿಂದೀಚೆ. ಅವಳು ಕೊಬ್ಬರಿ ಮಂಡಿಯಲ್ಲಿ ಕಾಯಿ ಸುಲಿಯೋ ಕೂಲಿಗೆ ಹೋಗ್ತಿದ್ದಳು, ಆಗಲೇ ಅರವತ್ತು ದಾಟಿತ್ತು. ಅವಳ ಹುಡುಗಿಯ ಮುಖ, ಮದುವೆಯ ಮುಖ, ಮಗು ಎತ್ತಿಕೊಂಡ ಮುಖ ಯಾವುದೂ ಎಲ್ಲೂ ಇಲ್ಲ. ಈಗ ಗೋಡೆ ಮೇಲೆ ಹಾರ ಹಾಕಿರೋದು ಆ ಚೀಟಿಯ ಫೋಟೋನೇ ದೊಡ್ಡದು ಮಾಡಿಸಿದ್ದು. ಹಳೇ ಫೋಟೋ ನೋಡಿ "ಆ ಕಾಲದ ಜನ ಹೀಗಿದ್ರು" ಅನ್ನೋವಾಗ ಇವಳು ಆ ಜನರಲ್ಲಿ ಇಲ್ಲ ಅನ್ನೋದು ನನಗೆ ಚುಚ್ಚುತ್ತೆ.

ಈಗ ನಾನು ಹೇಳಲೇಬೇಕಾದ ಇನ್ನೊಂದು ಫೋಟೋ. ಮೊಗ್ಗಿನ ಜಡೆಯದ್ದು.

ಹಳೇ ಮೈಸೂರು ಕಡೆಯ ಮನೆಗಳಲ್ಲಿ ಇದು ಇದ್ದೇ ಇರುತ್ತೆ. ಹುಡುಗಿಗೆ ಮಲ್ಲಿಗೆ ಮೊಗ್ಗಿನ ಜಡೆ ಹಾಕಿ, ಹಿಂದೆ ಓರೆಯಾಗಿ ನಿಲುವುಗನ್ನಡಿ ಇಟ್ಟು ನಿಲ್ಲಿಸ್ತಾರೆ. ಎದುರಿಗೆ ಮುಖ, ಕನ್ನಡಿಯಲ್ಲಿ ಜಡೆ. ಒಂದೇ ಪ್ಲೇಟಿನ ಖರ್ಚಿನಲ್ಲಿ ಎರಡೂ ಕಡೆ! ಇದನ್ನ ಮೊದಲು ಯೋಚಿಸಿದವರು ಯಾರೋ, ಅವರಿಗೆ ವ್ಯಾಪಾರ ಚೆನ್ನಾಗಿ ಗೊತ್ತಿತ್ತು. ಈ ಫೋಟೋಗಳಿಂದ ತಿಂಗಳೂ ಸುಮಾರಾಗಿ ಹೇಳಬಹುದು, ಮಲ್ಲಿಗೆ ಯಥೇಚ್ಛವಾಗಿ ಸಿಗೋದು ಬೇಸಿಗೆಯಲ್ಲಿ, ಮದುವೆಗಳೂ ಆಗಲೇ. ಗಂಟೆಗಟ್ಟಲೆ ಕೂರಿಸಿ ಸೂಜಿ ದಾರದಲ್ಲಿ ಒಂದೊಂದೇ ಮೊಗ್ಗು ಹೊಲೀತಾರೆ, ಸಂಜೆಗೆ ಮೊಗ್ಗು ಅರಳೋಕೆ ಶುರುವಾದ್ರೆ ಜಡೆಯ ಅಂದ ಕೆಟ್ಟಿತು. ಹಾಗಾಗಿ ಅಷ್ಟರೊಳಗೆ ಸ್ಟುಡಿಯೋ ಮುಟ್ಟಬೇಕು.

ಅಜ್ಜಿಯ ಜಡೆ ಫೋಟೋ 1959ರ ಬೇಸಿಗೆಯದ್ದು, ಮದುವೆಯ ಹಿಂದಿನ ದಿನ, ಅದೇ ಸ್ಟುಡಿಯೋ. ಅದೇ ಮಹಡಿ ಮೆಟ್ಟಿಲಿನ ಪರದೆ. "ಆ ಫೋಟೋದಾಗೆ ಜಡೆ ಮಾತ್ರ ನಮ್ದೇ" ಅಂತ ಚಿಕ್ಕಜ್ಜಿ ಹೇಳ್ತಾಳೆ. "ಮೊಗ್ಗು ಬಿಡ್ಸಿದ್ದು ನಾನು. ಬೆಳಗ್ಗಿಂದ ಬೆರಳೆಲ್ಲ ಹಸಿರು."

ತಿದ್ದುಪಡಿ ವಿಡಿಯೋಗೆ ಅಂತ ಆ ಫೋಟೋನ 1200 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿದೆ. ಹಳೇ ಸ್ಟುಡಿಯೋ ಪ್ರಿಂಟುಗಳಲ್ಲಿ ಒಂದು ವಿಶೇಷ ಇದೆ. ಬಹಳಷ್ಟು ಪ್ರಿಂಟುಗಳನ್ನ ದೊಡ್ಡದು ಮಾಡಿರಲ್ಲ, ನೆಗೆಟಿವ್‌ನ ಕಾಗದದ ಮೇಲೇ ಇಟ್ಟು ಬೆಳಕು ಬಿಟ್ಟಿರ್ತಾರೆ. ನೆಗೆಟಿವ್ ಎಷ್ಟು ದೊಡ್ಡದೋ ಫೋಟೋ ಅಷ್ಟೇ. ಹಾಗಾಗಿ ಬರಿಗಣ್ಣಿಗೆ ಕಾಣದಷ್ಟು ವಿವರ ಅದರೊಳಗೆ ಇರುತ್ತೆ. ನಾನು ಲ್ಯಾಪ್‌ಟಾಪ್‌ನಲ್ಲಿ ಹಿಗ್ಗಿಸ್ತಾ ಹೋದೆ. ಮೊಗ್ಗಿನ ಸಾಲು ಕಂಡಿತು. ನಡುವೆ ಸೇರಿಸಿದ ಬೇರೆ ಹೂವು ಕಂಡಿತು, ಕಪ್ಪಗೆ, ಅಂದ್ರೆ ಕನಕಾಂಬರ ಇರಬೇಕು. ಆಮೇಲೆ ಕನ್ನಡಿಯ ಅಂಚಿಗೆ ಹೋದೆ.

ಕನ್ನಡಿಗೆ ಪರದೆ ಗೊತ್ತಿಲ್ಲವಲ್ಲ. ಓರೆಯಾಗಿ ಇಟ್ಟಿದ್ದರಿಂದ ಅದರಲ್ಲಿ ಅಜ್ಜಿಯ ಬೆನ್ನಿನ ಜೊತೆಗೆ ಸ್ಟುಡಿಯೋದ ಇನ್ನೊಂದು ಪಕ್ಕವೂ ಬಿದ್ದಿದೆ. ದೀಪದ ಕಂಬದ ಕಾಲು. ಒಂದು ಸ್ಟೂಲು. ಗಾರೆ ಕಿತ್ತುಹೋದ ಗೋಡೆ. ಆ ಗೋಡೆಗೆ ಒರಗಿಕೊಂಡು ಬರಿಗಾಲಲ್ಲಿ ನಿಂತ ಒಬ್ಬ ಹುಡುಗಿ, ಲಂಗ, ಕೈಯಲ್ಲಿ ಬಟ್ಟೆಯ ಗಂಟು. ಮುಖ ಸ್ವಲ್ಪ ಅಲ್ಲಾಡಿದೆ, ಯಾಕಂದ್ರೆ ಅವಳಿಗೆ ಯಾರೂ ಅಲ್ಲಾಡಬೇಡ ಅಂದಿರಲಿಲ್ಲ. ಅವಳು ಅಜ್ಜಿಯನ್ನ ನೋಡ್ತಾ ಇದ್ದಾಳೆ. ನಗ್ತಾ ಇದ್ದಾಳೆ.

ಆ ಎರಡು ಫೋಟೋಗಳಲ್ಲಿ ಆ ದಿನ, ಆ ಜಾಗ ಇದ್ದಿದ್ದು ಇದ್ದ ಹಾಗೆ ಬಿದ್ದಿರೋದು ಆ ಮೂಲೆಯಲ್ಲಿ ಮಾತ್ರ. ಪ್ರಿಂಟಿನಲ್ಲಿ ಅಳತೆ ಮಾಡಿದೆ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು.

ನಿಮ್ಮ ಮನೆಯಲ್ಲೂ ಫೋಟೋ ಹುಡುಕೋಕೆ ಹೊರಟಿದ್ರೆ ಎರಡೇ ಮಾತು ಹೇಳ್ತೀನಿ. ಮೊದಲು ಹಿಂದುಗಡೆ ತಿರುಗಿಸಿ, ಸ್ಟುಡಿಯೋದ ಮುದ್ರೆ, ನಂಬರ್, ಯಾರೋ ಬರೆದ ಇಸವಿ ಇರಬಹುದು. ನೀವು ಹೆಸರು ಬರೆಯೋದಾದ್ರೆ ಬಾಲ್‌ಪೆನ್ ಬೇಡ, ಮೆದು ಪೆನ್ಸಿಲ್‌ನಲ್ಲಿ ಒತ್ತದೆ ಬರೀರಿ. ಚೌಕಟ್ಟಿನ ಗಾಜಿಗೆ ಅಂಟಿಕೊಂಡ ಫೋಟೋನ ಕೀಳೋಕೆ ಹೋಗಬೇಡಿ, ಚಿತ್ರದ ಪದರ ಗಾಜಿಗೇ ಕಿತ್ತು ಬರುತ್ತೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಇದಕ್ಕೆಲ್ಲಕ್ಕಿಂತ ಮುಂಚೆ, ಫೋಟೋ ನೋಡಿ "ಇದು ಯಾರು, ಇದು ಯಾರದು" ಅಂತ ಹೇಳಬಲ್ಲವರು ಮನೆಯಲ್ಲಿ ಇನ್ನೂ ಇದ್ದರೆ ಅವರ ಹತ್ತಿರ ಕೂತ್ಕೊಳ್ಳಿ, ಫೋನ್‌ನಲ್ಲಿ ರೆಕಾರ್ಡ್ ಮಾಡಿ. ತಿಪಟೂರಿನ ಆ ಸ್ಟುಡಿಯೋ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಹಳೇ ನೆಗೆಟಿವ್ ಏನಾಯ್ತು ಅಂತ ಕೇಳಿದೆ, ಅವರಿಗೆ ನಾನು ಏನು ಕೇಳ್ತಿದ್ದೀನಿ ಅಂತಲೇ ತಿಳೀಲಿಲ್ಲ.

ಆ ಮೂಲೆಯನ್ನ ಹಿಗ್ಗಿಸಿ ಚಿಕ್ಕಜ್ಜಿಗೆ ತೋರಿಸೋಕೆ ಹೋದ ತಿಂಗಳು ಊರಿಗೆ ಹೋಗಿದ್ದೆ. ಅವಳ ಮದುವೆಗೆ ಮುಂಚಿನ ಫೋಟೋ ಒಂದೂ ಇಲ್ಲ. ಎರಡನೆಯ ಮಗಳ ಮದುವೆಗೆ ಸ್ಟುಡಿಯೋ, ಜಡೆ ಫೋಟೋ ಯಾವುದಕ್ಕೂ ಮನೆಯಲ್ಲಿ ದುಡ್ಡಿರಲಿಲ್ಲವಂತೆ. ಲ್ಯಾಪ್‌ಟಾಪ್ ತಿರುಗಿಸಿ ಮುಂದಿಟ್ಟೆ. ತುಂಬಾ ಹೊತ್ತು ನೋಡಿದಳು. ಮೊದಲು ಗುರುತಿಸಿದ್ದು ತನ್ನ ಮುಖವನ್ನಲ್ಲ, ಗಂಟನ್ನ. "ಅಕ್ಕನ ಹಳೇ ಸೀರೆ ಅದ್ರಾಗಿತ್ತು. ಫೋಟೋ ಆದ್ಮೇಲೆ ರೇಷ್ಮೆ ಬಿಚ್ಚಿ ಕೊಡ್ಬೇಕಿತ್ತಲ್ಲ, ಅದಕ್ಕೆ ನನ್ನ ಕರ್ಕೊಂಡ್ ಹೋಗಿದ್ರು."

ಆಮೇಲೆ ಕೇಳಿದಳು, "ಇದನ್ನ ಕಾಗದದ ಮೇಲೆ ಮಾಡಿಸ್ಕೊಡ್ತೀಯಾ? ಬಣ್ಣ ಗಿಣ್ಣ ಹಾಕ್ಬೇಡ."

ಮಾಡಿಸಿಕೊಟ್ಟಿದ್ದೀನಿ. ಸ್ವಲ್ಪ ಮಸುಕಾಗಿದೆ.